ಓಡಿದರೂ ಬಾರದ ಎದೆನೋವು

ಎದೆನೋವಿನ ಪರೀಕ್ಷೆಗೆಂದು ಶಿಕಾರಿಪುರದ ಆಸ್ಪತ್ರೆಯೊಂದರಲ್ಲಿ ಟ್ರೆಡ್‌ಮಿಲ್ ಮೇಲೆ ಓಡಿ ಇಳಿದೆ; ನೋವು ಸುಳಿಯಲಿಲ್ಲ. ಇಸಿಜಿ ವೈರು ಬಿಚ್ಚುವ ಮೊದಲೇ, ಸೊರಬದಿಂದ ಜೊತೆಗೆ ಬಂದಿದ್ದ ಅಕ್ಕ ಹೇಳಿದಳು: "ಚಿಕ್ಕೋನಿದ್ದಾಗ ಇವ್ನು ಚಂದ್ರಗುತ್ತಿ ಬೆಟ್ಟದಲ್ಲಿ ಅತ್ತಿದ್ದ ಡಾಕ್ಟ್ರೇ. ನಾನೇ ಹೊತ್ಕೊಂಡು ಇಳಿಸಿದ್ದು."

ಅತ್ತದ್ದು ಅವಳು. ನಲವತ್ತು ವರ್ಷದಿಂದ ಇದೇ ಜಗಳ. "ಸುಳ್ಳು ಹೇಳಬೇಡ" ಎನ್ನುವಷ್ಟರಲ್ಲಿ ನನ್ನ ಎದೆ ಹಿಂಡಿತು. ಇಸಿಜಿಯ ಗೆರೆಯೂ ಬದಲಾಯಿತು.

ಡಾಕ್ಟರು ನೋಡಿ, "ಓಡಿದ್ರೆ ಬರದ ನೋವು ಸಿಟ್ಟಿಗೆ ಬರ್ತೈತಿ ನೋಡ್ರಿ. ಮಾತ್ರೆ ಬರೀತೀನಿ. ಅಕ್ಕಾರ ಜೊತೆ ವಾದ ಬಿಡ್ರಿ" ಎಂದರು.

"ಹಂಗಾದ್ರೆ ಒಪ್ಕೋ" ಎಂದಳು ಅಕ್ಕ.

ಈಗ ಮಾತ್ರೆಯ ಜೊತೆ ಸೋಲನ್ನೂ ನುಂಗುತ್ತೇನೆ. ವಿಚಿತ್ರವೆಂದರೆ, ಒಪ್ಪಿಕೊಂಡಾಗಿನಿಂದ ಅವಳ ಜಡೆಯ ಹರಳೆಣ್ಣೆ ವಾಸನೆ, ನನ್ನ ಕಾಲು ಅವಳ ಸೊಂಟಕ್ಕೆ ಬಡಿಯುತ್ತಿದ್ದದ್ದು ನೆನಪಾಗತೊಡಗಿದೆ. ನಾನಿದನ್ನು ಇನ್ನೂ ನಂಬಿಲ್ಲ. ಅವಳಿಗಂತೂ ಹೇಳಿಲ್ಲ.