ಕರಾಟೆ ಸರ್ ಕಟ್ಟಿದ ಬ್ರೌನ್ ಬೆಲ್ಟ್

ಟ್ರಂಕಿನ ತಳದಿಂದ ಮೊನ್ನೆ ಬ್ರೌನ್ ಬೆಲ್ಟ್ ಹೊರಬಂತು. ಡಾಂಬರು ಗುಳಿಗೆಯ ವಾಸನೆ, ಅದರಡಿಯಲ್ಲಿ ಹಳೆಯ ಬೆವರಿನದು. ಮುಖ ತಿರುಗಿಸಿದೆ. ಇಲ್ಲಿ ಬರೆಯುವುದರಲ್ಲಿ ಕೆಲವು ವಿವರ ತಪ್ಪಿರಬಹುದು. ಅನುಕೂಲಕ್ಕೆ ತಕ್ಕಂತೆ ನೆನಪು ಮಾಡಿಕೊಳ್ಳುವ ಚಾಳಿ ನನಗಿದೆ. ಹೇಸಿಗೆಯಾದದ್ದು ಮಾತ್ರ ಚೆನ್ನಾಗಿ ನೆನಪಿದೆ.

ಸರ್ ಹರಿಹರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಎಸ್.ಎಸ್. ಬಡಾವಣೆಯ ನಮ್ಮ ಮನೆಯ ಮಹಡಿಯನ್ನು ಅಪ್ಪ ಅವರ ಕರಾಟೆ ಕ್ಲಾಸಿಗೆ ಬಿಟ್ಟುಕೊಟ್ಟಿದ್ದರು. ಬಿಳಿ, ಹಳದಿ, ಕಿತ್ತಳೆ, ಹಸಿರು, ನೀಲಿ, ಬ್ರೌನ್, ಕೊನೆಗೆ ಕಪ್ಪು... ಬೆಲ್ಟಿನ ಬಣ್ಣದ ಪ್ರಕಾರವೇ ಸಾಲು. ಮೇಲಿನವರು ಬಲಕ್ಕೆ, ಕೆಳಗಿನವರು ಎಡಕ್ಕೆ. ಯಾರ ಮಗಳು ಎಂಬುದನ್ನು ಆ ಸಾಲು ಕೇಳುತ್ತಿರಲಿಲ್ಲ. “ಹಳದಿಗೆ ತಪ್ಪು ನಡಿತೈತೆ, ಬ್ರೌನಿಗೆ ನಡಿಯಂಗಿಲ್ರಿ” ಅಂತ ಸರ್ ಅಪ್ಪ ಅಮ್ಮಂದಿರ ಮುಖಕ್ಕೇ ಹೇಳುತ್ತಿದ್ದರು. ಅದಕ್ಕೇ ಅವರೆಂದರೆ ನನಗೆ ಪ್ರಾಣ.

ನನ್ನ ಜೊತೆ ನೀಲಿ ಬೆಲ್ಟಿನಲ್ಲಿದ್ದವಳು ವಿನೋಬನಗರದ ಬೀಗ ರಿಪೇರಿಯವರ ಮಗಳು. ಬ್ರೌನ್ ಪರೀಕ್ಷೆ ಪಕ್ಕದೂರು ಕೊಂಡಜ್ಜಿಯ ಮೈದಾನದಲ್ಲಿ. ಹೊಡೆತ, ತಡೆ, ತಿರುವು ಎಲ್ಲವನ್ನೂ ಕ್ರಮವಾಗಿ ಒಬ್ಬರೇ ಮಾಡಿ ತೋರಿಸಬೇಕು. ಎಡಕ್ಕೆ ತಿರುಗಬೇಕಾದ ಕಡೆ ಅವಳು ಬಲಕ್ಕೆ ತಿರುಗಿದಳು. “ಆರು ತಿಂಗ್ಳು ಬಿಟ್ಟು ಬಾರಮ್ಮ” ಎಂದರು ಸರ್. ಆಮೇಲೆ ನಾನು. ಅದೇ ತಿರುವು, ಅದೇ ತಪ್ಪು. ಮಹಡಿಯಲ್ಲಿ ಅವಳಿಗೆ ಆ ತಿರುವು ಹೇಳಿಕೊಟ್ಟವಳೂ ನಾನೇ... ಅನ್ನಿಸುತ್ತದೆ.

ಅಪ್ಪ ಸರ್ ಅವರನ್ನು ಮರದಡಿಗೆ ಕರೆದರು. ಎರಡು ನಿಮಿಷವೂ ಆಗಿರಲಿಕ್ಕಿಲ್ಲ. ತಲೆ ತಗ್ಗಿಸಿ ಬಂದ ಸರ್ ನನ್ನ ಸೊಂಟಕ್ಕೆ ಬ್ರೌನ್ ಬೆಲ್ಟ್ ಕಟ್ಟಿದರು. ನಾನು ನಗುತ್ತ ಕಟ್ಟಿಸಿಕೊಂಡೆ. ಫೋಟೋ ಇದೆ.

ಮರುದಿನ ಕ್ಲಾಸಿನಲ್ಲಿ ಅವಳು ಎಡಕ್ಕೆ ಸರಿದಳು. “ಬಾರೆ ದೊಡ್ಡಮ್ಮ, ಬಲಕ್ಕೆ ನಿಂತ್ಕ. ಇನ್ನ ನಾನೇ ನಿಂಗೆ ಬಗ್ಬೇಕಲ್ಲ!” ಬಗ್ಗಿದಳು ಕೂಡ. ಸರ್ ಕಿಟಕಿಯಾಚೆ ನೋಡುತ್ತಿದ್ದರು. ಮುಂದಿನ ವಾರದಿಂದ ಅವಳು ಬರಲಿಲ್ಲ. ಸರ್ ವರ್ಷಗಟ್ಟಲೆ ಬಂದರು, ಹೊಸ ಮಕ್ಕಳಿಗೆ ಅದೇ “ತಪ್ಪು ನಡಿಯಂಗಿಲ್ಲ” ಹೇಳುತ್ತ. ಕೇಳಿದಾಗಲೆಲ್ಲ ನನಗೆ ಹೇಸಿಗೆ. ಬೆಲ್ಟನ್ನಂತೂ ಬಿಚ್ಚಿಡಲಿಲ್ಲ.

ಹೋದ ವರ್ಷ ಸರ್ ಹರಿಹರದಲ್ಲಿ ತೀರಿಕೊಂಡರು. ಅವರನ್ನು ನೆನೆದು ಹೇಸುವುದು ಈಗ ಸುಲಭ, ಎದುರಾಡಲು ಅವರಿಲ್ಲ. ಏಟು ಬರುವಾಗ ಕಣ್ಣು ಮುಚ್ಚಬಾರದು ಅಂತ ಕಲಿಸಿದವರೂ ಅವರೇ... ಆ ಸರ್ ಇಲ್ಲವಲ್ಲ ಅಂತಲೂ ಸಂಕಟವಾಗುತ್ತದೆ. ಮರದಡಿಯ ಮಾತು ಗೊತ್ತಿರುವವರು ಈಗ ಒಬ್ಬರೇ ಉಳಿದಿದ್ದಾರೆ. ನಿನ್ನೆ ಕೇಳಿದೆ. ಟಿ.ವಿ. ಸದ್ದು ಜಾಸ್ತಿ ಮಾಡಿದರು.

“ಅಪ್ಪಾ, ಅವತ್ತು ನೀವು ಸರ್‌ನ ಹೆದರ್ಸಿದ್ರಾ, ಇಲ್ಲಾ ನೀವೇನೂ ಅನ್ನದೇ ಅವರೇ ಕೊಟ್ರಾ?”