ಎಂಟು ತಿಂಗಳ ಮೇಲೆ ನಗು ಬಂದ ಭಾನುವಾರ

ಮಗಳು ತನ್ನ ಜೀವ ತಾನೇ ಕಳೆದುಕೊಂಡು ಎಂಟು ತಿಂಗಳಾಗಿತ್ತು. ಇಪ್ಪತ್ನಾಲ್ಕು ವರ್ಷದವಳು, ಕೊಂಡಾಪುರದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ. ಅದರ ಹಿಂದಿನ ಭಾನುವಾರ ನನ್ನ ಪಕ್ಕ ಕೂತು ಕ್ರಿಕೆಟ್ ನೋಡಿದ್ದಳು. ಯಾಕೆ ಎನ್ನುವುದು ನಮಗೆ ಇಂದಿಗೂ ಪೂರ್ತಿ ತಿಳಿದಿಲ್ಲ. ನಾನು ಕಚೇರಿಗೆ ಹೋಗಿ ಬರುತ್ತಿದ್ದೆ. ಹೆಂಡತಿ ಮಾತೇ ಬಿಟ್ಟಿದ್ದಳು.

ಹೀಗೆ ಮಕ್ಕಳನ್ನು ಕಳೆದುಕೊಂಡವರು ತಿಂಗಳಿಗೊಮ್ಮೆ ಸೇರುತ್ತಾರೆ, ಹೋಗಿ ಬನ್ನಿ ಎಂದು ಅವಳನ್ನು ನೋಡುತ್ತಿದ್ದ ಡಾಕ್ಟರು ಒತ್ತಾಯಿಸಿದರು. ಹಿಮಾಯತ್‌ನಗರದ ಒಂದು ಶಾಲೆಯ ಕೋಣೆ. ಮೂರನೇ ಇಯತ್ತೆಯ ಬೆಂಚುಗಳಲ್ಲಿ ಹನ್ನೊಂದು ಜನ ಮೊಣಕಾಲು ತುರುಕಿಕೊಂಡು ಕೂತೆವು. ಅಳುವುದೇ ಕೆಲಸವೆಂದುಕೊಂಡು ನಾನು ನಾಲ್ಕು ಕರವಸ್ತ್ರ ತಂದಿದ್ದೆ.

ಎರಡು ವರ್ಷದ ಹಿಂದೆ ಮಗನನ್ನು ಕಳೆದುಕೊಂಡಿದ್ದ, ಬ್ಯಾಂಕಿನಲ್ಲಿ ಕೆಲಸ ಮಾಡುವ ತೆಲುಗು ಹೆಂಗಸೊಬ್ಬರು ತಮ್ಮನ್ನು ಮಾತಾಡಿಸಲು ಬಂದವರ ಕಥೆ ತೆಗೆದರು. ಒಬ್ಬ ನೆಂಟ ಗಳಗಳನೆ ಅತ್ತು, ಎರಡು ತಟ್ಟೆ ಉಪ್ಪಿಟ್ಟು ತಿಂದು, ಕಣ್ಣೊರೆಸಿಕೊಂಡು, "ಇದಕ್ಕೆ ಶುಂಠಿ ಎಷ್ಟು ಹಾಕಿದಿರಿ?" ಎಂದನಂತೆ.

ಆಗ ನನ್ನ ಪಕ್ಕದಲ್ಲಿ ಒಂದು ದನಿ ಎದ್ದಿತು. ಹೆಂಡತಿಯದು!

"ನಮ್ಮನಿಗೆ ಬಂದಾಕಿ ಅದಕ್ಕಿಂತ ಮ್ಯಾಲ. ನನ್ನ ಕೈ ಹಿಡಕೊಂಡು ಭಾಳ ಅತ್ಲು. ಆಮ್ಯಾಲ, 'ನಿಮ್ಮ ಹುಡುಗಿ ಕಂಪನ್ಯಾಗ ಆ ಜಾಗ ಖಾಲಿ ಐತೇನ್ರಿ? ನಮ್ಮ ಹುಡುಗ ಮನ್ಯಾಗ ಕುಂತಾನ' ಅಂದ್ಲು."

ಈ ಸಂಗತಿ ನನಗೇ ಗೊತ್ತಿರಲಿಲ್ಲ. ಇವಳಿಗೆ ತೆಲುಗು ತಿಳಿದರೂ ಆಡಲು ಬರದು; ಇವಳ ಕನ್ನಡ ತಿಳಿಯದೆ ಎಲ್ಲರೂ ನನ್ನ ಮುಖ ನೋಡಿದರು. ತೆಲುಗಿನಲ್ಲಿ ಹೇಳಲು ಹೊರಟವನು 'ಜಾಗ ಖಾಲಿ' ಎನ್ನುವಲ್ಲಿಗೆ ಬಂದು ನಿಂತೆ. ಮುಂದಿನ ಮಾತು ಬರಲೇ ಇಲ್ಲ, ನಗುವೇ ಬಂತು. ಹೆಂಡತಿ ಸೆರಗು ಬಾಯಿಗೆ ತುರುಕಿಕೊಂಡಳು. ನಗು ನಿಲ್ಲದೆ ಅವಳಿಗೆ ಬಿಕ್ಕಳಿಕೆ ಹತ್ತಿತು. ಹೇಗೋ ಹೇಳಿ ಮುಗಿಸಿದೆ. ಹಿಂದಿನ ಸಾಲಿನ ಹಿರಿಯರೊಬ್ಬರು ಡೆಸ್ಕು ಗುದ್ದಿ ಗುದ್ದಿ ನಕ್ಕರು. ಕಾವಲುಗಾರ ಕಿಟಕಿಯಲ್ಲಿ ಇಣುಕಿ, ಬೇರೆಯೇ ಸಭೆಯಿರಬೇಕೆಂದುಕೊಂಡು ಹೋದ.

ಅಲ್ಲಿಂದ ಆ ಬ್ಯಾಂಕಿನ ಹೆಂಗಸು ನಮ್ಮನ್ನು ಐಸ್‌ಕ್ರೀಮಿಗೆಂದು ಹೊಸ ಮಾಲ್‌ಗೆ ಎಳೆದುಕೊಂಡು ಹೋದರು. ಎಸ್ಕಲೇಟರ್ ಕಂಡರೆ ನನ್ನ ಹೆಂಡತಿಗೆ ಹೆದರಿಕೆ. ಅವತ್ತು ಇಬ್ಬರು ಹೆಂಗಸರೂ ಸೀರೆ ಎತ್ತಿ ಹಿಡಿದು, ಕೈ ಕೈ ಹಿಡಿದು, "ಅಯ್ಯಯ್ಯೋ" ಎನ್ನುತ್ತ ಹತ್ತಿಯೇಬಿಟ್ಟರು. ಮೇಲೆ ಹೋಗಿ ಇಳಿದು ಬಂದರು. ಮತ್ತೆ ಹತ್ತಿದರು. ಐದನೇ ಸಲಕ್ಕೆ ಗಾರ್ಡ್ ಬಂದು, ಎಲ್ಲಿಗೆ ಹೋಗಬೇಕಮ್ಮಾ ಎಂದು ಕೇಳಿದ.

"ಎಲ್ಲಿಗೂ ಇಲ್ಲಪ್ಪಾ!" ಎಂದಳು ಇವಳು, ಅವನಿಗೆ ತಿಳಿಯದ ಕನ್ನಡದಲ್ಲಿ.

ವಾಪಸು ಬರಲು ಆಟೋ ಹತ್ತಿದೆವು. ಸ್ವಲ್ಪ ದೂರ ಹೋದ ಮೇಲೆ ಹೆಂಡತಿ, "ರೀ, ಇಷ್ಟ್ ನಕ್ಕಿವಿ. ತಪ್ಪಾತೇನ್ರೀ?" ಎಂದಳು.

"ಗೊತ್ತಿಲ್ಲ. ನನಗಿನ್ನೂ ನಗು ಬರಾಕತ್ತೈತಿ."

ಅವಳಿಗೂ ಬಂತು, ಜೊತೆಗೆ ಅಳುವೂ. ಆಟೋದವನು ಗಾಬರಿಯಾಗಿ ಹಾಡು ನಿಲ್ಲಿಸಿದ. "ಇರಲಿ ಬಿಡಪ್ಪಾ, ಹಚ್ಚು" ಎಂದಳು.

ಮನೆಗೆ ಬಂದು ಚಪ್ಪಲಿ ಬಿಡುವಾಗ, ಎಂಟು ತಿಂಗಳಲ್ಲಿ ಮೊದಲ ಸಲ ತಾನಾಗಿ ಮಗಳ ಮಾತೆತ್ತಿದಳು. "ಆಕಿ ಇದ್ದಿದ್ರ ಆ ಜಾಗ ಕೇಳಿದಾಕಿ ನಕಲು ಮಾಡತಿದ್ಲು ನೋಡ್ರಿ." ಮಗಳು ಮಾಡುತ್ತಿದ್ದ ಹಾಗೆಯೇ, ಸೊಂಟಕ್ಕೆ ಕೈಯಿಟ್ಟು, ಮೂಗು ಏರಿಸಿ, ತಾನೇ ಮಾಡಿ ತೋರಿಸಿದಳು. ಬಾಗಿಲು ತೆರೆದೇ ಇತ್ತು. ನಾನು ಬಿದ್ದು ಬಿದ್ದು ನಕ್ಕೆ. ಎದುರು ಮನೆಯವರು ಏನೆಂದುಕೊಂಡರೋ.

ಮುಂದಿನ ತಿಂಗಳು ಹೋದಾಗ ಇಬ್ಬರೂ ಬರೀ ಅತ್ತೆವು. ಅದರ ಮುಂದಿನ ತಿಂಗಳು ಅಳು, ನಗು ಎರಡೂ ಆಯಿತು. ಈಗ ಅವಳು ಹೋಗಿ ಆರು ವರ್ಷ. ಮಗಳ ಮಾತು ನಮ್ಮ ಮನೆಯಲ್ಲಿ ದಿನಕ್ಕೊಮ್ಮೆಯಾದರೂ ಬರುತ್ತದೆ, ಹೆಚ್ಚಾಗಿ ಊಟಕ್ಕೆ ಕೂತಾಗ.