‘ಏನೂ ಆಗಲ್ಲ’ ಎಂದ ಮಧ್ಯಾಹ್ನ

ವಿಜಯನಗರದಲ್ಲಿ ಮೆಟ್ರೊ ಕಂಬಗಳು ಇನ್ನೂ ಎದ್ದಿರಲಿಲ್ಲ. ಅಲ್ಲಿನ ಒಂದು ಮಹಡಿ ಕೋಣೆಯಲ್ಲಿ ನಾನು ಸಂಜೆ ಹೊತ್ತು, ಹೊರದೇಶಕ್ಕೆ ಹೋಗಲು ಪರೀಕ್ಷೆ ಕಟ್ಟುವ ನರ್ಸುಗಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಅಪಾಯ, ನೋವು, ಹಾನಿ ಕಡಿಮೆಯಾಯಿತು ಎನ್ನಲು ಯಾವ ಮಾತಿನ ಜೊತೆ ಯಾವ ಮಾತು ಕೂಡುತ್ತದೆ ಎಂಬುದು ಆ ವಾರದ ಪಾಠ. ರಿಸ್ಕ್ ಆದರೆ ಮಿನಿಮೈಸ್, ಪೇನ್ ಆದರೆ ಅಲೀವಿಯೇಟ್, ಡ್ಯಾಮೇಜ್ ಆದರೆ ಲಿಮಿಟ್. ಅದಲುಬದಲು ಮಾಡಿದರೆ ಅಂಕ ಹೋಗುತ್ತಿತ್ತು. ನಮ್ಮಲ್ಲೂ ಹಾಗೇ ಅಲ್ಲವೇ ಎಂದು ವಿವರಿಸುತ್ತಿದ್ದೆ. ನೋವು ಶಮನವಾಗುತ್ತದೆ, ದುಃಖ ಹಗುರಾಗುತ್ತದೆ, ಗಂಡಾಂತರ ಕಳೆಯುತ್ತದೆ. ಗಂಡಾಂತರ ಹಗುರಾಯಿತು ಎಂದು ಯಾರೂ ಅನ್ನುವುದಿಲ್ಲ.

ನನ್ನ ಮನೆ ಮೂಡಲಪಾಳ್ಯದಲ್ಲಿತ್ತು. ಬೆಳಿಗ್ಗೆ ಏಳರ ಸುಮಾರಿಗೆ ಹೇರೋಹಳ್ಳಿ ಕಡೆಯಿಂದ ಸೊಪ್ಪು ಮಾರುವಾಕೆ ಬರುತ್ತಿದ್ದರು. ವಯಸ್ಸು ನಲವತ್ತೈದರ ಆಸುಪಾಸು. ತಲೆಯ ಮೇಲೆ ಬುಟ್ಟಿ ಹೊತ್ತು ಬೀದಿಯ ತುದಿಯಲ್ಲಿ ನಿಂತು ಒಮ್ಮೆ ಕೂಗಿದರೆ ಸಾಕು, ಮಹಡಿ ಮನೆಯವರೆಲ್ಲ ಇಳಿದು ಬರುತ್ತಿದ್ದರು. ಅವರ ವ್ಯಾಪಾರವೆಲ್ಲ ಆ ಕೂಗಿನ ಮೇಲೆಯೇ ನಡೆಯುತ್ತಿತ್ತು. ಆ ವರ್ಷ ಅವರ ಕುತ್ತಿಗೆಯಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ ಎದ್ದಿತ್ತು. ಥೈರಾಯ್ಡ್, ಆಪರೇಷನ್ ಆಗಬೇಕು ಎಂದು ಡಾಕ್ಟರು ಹೇಳಿದ್ದರು.

“ಟೀಚರಮ್ಮ, ನಾಳೆ ಅಡ್ಮಿಟ್ ಆಯ್ತಿದೀನಿ. ಅದೇನೋ ಇಂಗ್ಲಿಷ್ ಪೇಪರ್‌ಗೆ ಸೈನ್ ಹಾಕ್ಬೇಕಂತೆ. ನಮ್ಮೆಜಮಾನ್ರಿಗೆ ಬಸ್ಸಿನ ಬೋರ್ಡೇ ಓದಕ್ಕೆ ಬರಲ್ಲ. ಒಸಿ ಬಂದು ಓದಿ ಹೇಳ್ತೀರಾ?” ಎಂದು ಗೇಟಿನ ಬಳಿ ಕೇಳಿದರು. ಒಪ್ಪಿದೆ.

ಮಾರನೆಯ ಮಧ್ಯಾಹ್ನ ಆಸ್ಪತ್ರೆಗೆ ಹೋದೆ. ಆಕೆ ಮಂಚದ ಮೇಲೆ ಕೂತಿದ್ದರು, ಗಂಡ ಪಕ್ಕದಲ್ಲಿ ನಿಂತಿದ್ದರು. ಕಾಗದದಲ್ಲಿ ನನ್ನ ಪಾಠದ ಮಾತುಗಳೇ ಇದ್ದವು. ಅಪಾಯವನ್ನು ಆದಷ್ಟೂ ಮಿನಿಮೈಸ್ ಮಾಡಲಾಗುವುದು. ಹಾಗಿದ್ದರೂ ದನಿಯ ನರಕ್ಕೆ ಪೆಟ್ಟಾಗಿ ದನಿ ಕೆಲಕಾಲ, ಅಪರೂಪಕ್ಕೆ ಶಾಶ್ವತವಾಗಿ, ಕೆಡಬಹುದು. “ದನಿಗೆ ಏನಾದ್ರೂ...” ಎಂದು ಶುರುಮಾಡುತ್ತಿದ್ದ ಹಾಗೆಯೇ ಗಂಡ ಕೈ ಅಡ್ಡ ತಂದರು.

“ಬಿಡ್ತು ಅನ್ನಿ ಮೇಡಮ್, ಬಿಡ್ತು ಅನ್ನಿ!”

ಕೆಟ್ಟ ಮಾತು ಬಾಯಿಂದ ಹೊರಟರೆ ಅದು ನಿಜವಾಗದಿರಲೆಂದು ‘ಬಿಡ್ತು’ ಎನ್ನುವುದು ನಮ್ಮ ಮನೆಯಲ್ಲೂ ಇದ್ದದ್ದೇ. ನಾನೂ ಬಿಡ್ತು ಎಂದೆ. ಎಂದಮೇಲೆ ಆ ಸಾಲಿಗೆ ಹಿಂದಿರುಗಲು ಬಾಯಿ ಬರಲಿಲ್ಲ. “ಹುಷಾರಾಗಿ ಮಾಡ್ತೀವಿ ಅಂತ ಬರೆದಿದಾರೆ. ಏನೂ ಆಗಲ್ಲ ಅಕ್ಕ” ಎಂದುಬಿಟ್ಟೆ. ಆಕೆ ಒಂದೊಂದೇ ಅಕ್ಷರ ಕೂಡಿಸಿ ಕನ್ನಡದಲ್ಲಿ ಸಹಿ ಹಾಕಿದರು.

ಸಂಜೆ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದಳು: “ಮಿಸ್, ಪೇಷೆಂಟ್‌ಗೆ ‘ಏನೂ ಆಗಲ್ಲ’ ಅಂತ ಧೈರ್ಯ ಹೇಳ್ತೀವಲ್ಲಾ, ಅದಕ್ಕೆ ಮಿನಿಮೈಸ್ ಹಾಕ್ಬಹುದಾ?”

“ಇಲ್ಲಮ್ಮ. ಮಿನಿಮೈಸ್ ಅಂದ್ರೆ ಕಡಿಮೆ ಮಾಡೋದು ಅಷ್ಟೇ. ಸ್ವಲ್ಪ ಉಳಿದೇ ಇರತ್ತೆ. ಉಳಿದಿದ್ದನ್ನ ಪೇಷೆಂಟ್‌ಗೆ ಹೇಳ್ಬೇಕು.”

ಹೇಳಿದವಳು ನಾನೇ, ಮಧ್ಯಾಹ್ನ ಆ ಸಾಲನ್ನು ನುಂಗಿಕೊಂಡವಳೂ ನಾನೇ. ಬರೆಯುತ್ತಿದ್ದ ಸಾಲನ್ನು ಅರ್ಧಕ್ಕೆ ಬಿಟ್ಟು ಚಾಕ್ ಕೆಳಗಿಟ್ಟೆ. “ಮಿಸ್, ಹುಷಾರಿಲ್ವಾ?” ಎಂದು ಆ ಹುಡುಗಿ ಎದ್ದು ಬಂದಳು.

ಮಾರನೆಯ ಬೆಳಿಗ್ಗೆ ಆಸ್ಪತ್ರೆಗೆ ಮೊದಲ ಬಸ್ಸು ಹಿಡಿದೆ. ಆಪರೇಷನ್ ಒಂಬತ್ತಕ್ಕೆ ಇತ್ತು. “ಅಕ್ಕ, ನಿನ್ನೆ ನಾನು ಒಂದು ಸಾಲು ಬಿಟ್ಟುಬಿಟ್ಟೆ” ಎಂದು ಪೂರ್ತಿ ಹೇಳಿದೆ.

“ಎಂಥಾ ಹೊತ್ನಲ್ಲಿ ಬಂದು ಎಂಥಾ ಮಾತಾಡ್ತೀರಿ ತಾಯಿ! ಇಂಗ್ಲಿಷ್ ಕಲ್ತಿದ್ದು ಇದಕ್ಕೇನಾ?” ಎಂದರು ಗಂಡ.

“ಒಸಿ ಸುಮ್ಕಿರಿ. ಗಂಟ್ಲು ನಂದು” ಎಂದು ಆಕೆ ನನ್ನ ಕಡೆ ತಿರುಗಿದರು. “ಪೂರ್ತಿ ಹೋಯ್ತದಾ, ಇಲ್ಲಾ ಒಡೀತದಾ?”

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿ ಡಾಕ್ಟರನ್ನು ಕರೆತಂದೆ. ಅವರು ಸ್ಟೂಲ್ ಎಳೆದುಕೊಂಡು ಕೂತು, ಸಾವಕಾಶವಾಗಿ, ಕನ್ನಡದಲ್ಲಿ ತಿಳಿಸಿದರು. ಕೆಲವರಿಗೆ ದನಿ ಕೆಲವು ತಿಂಗಳು ಒಡೆದಿರುತ್ತದೆ, ಸಾಮಾನ್ಯವಾಗಿ ಮರಳುತ್ತದೆ, ಅಪರೂಪಕ್ಕೆ ಮರಳುವುದಿಲ್ಲ. ಹಾಗೇ ಬಿಟ್ಟರೆ ಗಡ್ಡೆ ಬೆಳೆದು ಉಸಿರಿನ ಕೊಳವೆಯನ್ನು ಒತ್ತುತ್ತದೆ.

“ಕೂಗಕ್ಕೂ ಉಸ್ರು ಬೇಕಲ್ಲಾ. ಮಾಡಿ ಸಾರ್” ಎಂದರು ಆಕೆ.

ಒಳಗೆ ಕರೆದೊಯ್ಯುವಾಗ ಆಕೆ ನನ್ನ ಕಡೆ ನೋಡಲಿಲ್ಲ. ಸಿಟ್ಟೋ ಭಯವೋ, ನಾನು ಹೇಳಲಾರೆ. ಗಂಡ ಮತ್ತು ನಾನು ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತೆವು. ಬಹಳ ಹೊತ್ತಾದ ಮೇಲೆ ಅವರು ಎದ್ದು ಹೋಗಿ ಎರಡು ಟೀ ತಂದರು. ಮುಖ ನೋಡದೆಯೇ ಒಂದನ್ನು ನನ್ನ ಪಕ್ಕದಲ್ಲಿಟ್ಟರು.

ತಿಂಗಳ ನಂತರ ನಮ್ಮ ಬೀದಿಯಲ್ಲಿ ಗಂಡಸಿನ ಕೂಗು ಕೇಳಿಸಿತು. “ಸೊಪ್ಪೋ... ಕೀರೇ ಸೊಪ್ಪೋ...” ಹೊರಗೆ ಬಂದು ನೋಡಿದರೆ, ಬುಟ್ಟಿ ಹೊತ್ತ ಗಂಡನ ಬೆನ್ನಿಗೆ ಆಕೆ ತಿವಿಯುತ್ತಿದ್ದರು.

“ಅದು ಕೀರೆ ಅಲ್ಲ ಕಣ್ರೀ, ದಂಟು! ದಿನಾ ತಿಂತೀರಾ, ಗುರ್ತು ಸಿಗಲ್ವಾ?” ಒಣ ಎಲೆ ಉಜ್ಜಿದಂಥ ದನಿ. ನನಗೆ ಎದುರಿಗೆ ನಿಲ್ಲುವುದೇ ಕಷ್ಟವಾಯಿತು.

“ಬರ್ತದೆ ಅಂದವ್ರೆ ಡಾಕ್ಟ್ರು. ಕಾಯ್ಬೇಕು” ಎಂದು ಅವರೇ ಮಾತು ತೆಗೆದರು. “ಎಚ್ರ ಆದಾಗ ‘ನೀರು’ ಅಂದೆ ಟೀಚರಮ್ಮ, ಬರೀ ಗಾಳಿ ಬಂತು. ನೀವು ಹೇಳ್ದೆ ಇದ್ದಿದ್ರೆ ಅಲ್ಲೇ ಎದೆ ಒಡ್ಕಳ್ತಿದ್ದೆ. ಓ, ಇದೇ ಅದು ಅಂತ ಸುಮ್ಕೆ ಮಲಿಕ್ಕಂಡೆ.”

“ಮೊದಲ ದಿನವೇ ಹೇಳ್ಬೇಕಿತ್ತು ಅಕ್ಕ.”

“ಹೂಂ, ಹೇಳ್ಬೇಕಿತ್ತು. ಯೋಚ್ನೆ ಮಾಡಕ್ಕೆ ಒಂದು ರಾತ್ರಿಯಾದ್ರೂ ಸಿಕ್ಕೋದು.”

ದನಿ ಬಹುಪಾಲು ಮರಳಲು ಆರು ತಿಂಗಳಾಯಿತು, ಪೂರ್ತಿ ಮರಳಲಿಲ್ಲ. ಆ ಆರು ತಿಂಗಳೂ, ಗಂಡನ ಕೂಗು ಕೇಳಿದ ಕೂಡಲೇ ನಾನು ಬೀದಿಗಿಳಿದು ಆಕೆಯ ಹತ್ತಿರಕ್ಕೇ ಹೋಗುತ್ತಿದ್ದೆ, ಆಕೆ ನನ್ನೊಡನೆ ದನಿ ಎತ್ತಿ ಮಾತಾಡಬೇಕಾಗದಿರಲಿ ಎಂದು.